ಎರಡು ಹೆಡ್‌ಫೋನ್, ಒಂದು ಕನ್ನಡಕ: ಬೇಸ್ ಸೋರಿದ್ದು ಎಲ್ಲಿ?

ಹೆಡ್‌ಫೋನ್ ವಿಮರ್ಶೆ ಮಾಡುವವರಲ್ಲಿ ಕನ್ನಡಕ ಹಾಕುವವರು ಕಡಿಮೆ ಅಂತ ಕಾಣುತ್ತದೆ. ಇಲ್ಲದಿದ್ದರೆ ಯಾರಾದರೂ ಒಬ್ಬರು ಮೊದಲೇ ಹೇಳಿರುತ್ತಿದ್ದರು: ಹೊರಗಿನ ಸದ್ದು ಅಳಿಸುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನಿನ ಬೇಸ್, ಅಂದರೆ ಹಾಡಿನ ಕೆಳದನಿ, ಕನ್ನಡಕದ ಕಡ್ಡಿ ಪಕ್ಕದ ಸಂದಿಯಲ್ಲಿ ಸೋರಿ ಹೋಗುತ್ತದೆ ಅಂತ. ಇಪ್ಪತ್ತು ಸಾವಿರಕ್ಕೂ ಜಾಸ್ತಿ ಕೊಟ್ಟು ತಂದ ಸೆಟ್ಟಿನ ಬೇಸ್ ರೀ ಅದು!

ನಮ್ಮ ಮನೆಯಲ್ಲಿ ಎರಡು ಸೆಟ್ ಇವೆ. ಕರಿಯದು ನನ್ನದು, ದುಬಾರಿ. ಬೂದು ಬಣ್ಣದ್ದು ಹೆಂಡತಿಯದು, ಹತ್ತು ಸಾವಿರದ ಒಳಗಿನದು. ಕಂಪನಿ ಹೆಸರು ಬೇಡ. ಹೆಸರು ಹೇಳಿದರೆ ಜನ ಹೆಸರನ್ನಷ್ಟೇ ಓದುತ್ತಾರೆ. ಡ್ರೈವರ್, ಅಂದರೆ ಒಳಗಿನ ಪುಟ್ಟ ಸ್ಪೀಕರ್, ಎಷ್ಟು ಮಿಲಿಮೀಟರ್, ಬ್ಯಾಟರಿ ಎಷ್ಟು ಗಂಟೆ ಅನ್ನೋದೆಲ್ಲ ಡಬ್ಬದ ಮೇಲೇ ಇರುತ್ತದೆ. ನಾನು ಹೇಳೋದು ಬೇಸ್ ಬಗ್ಗೆ, ಅದೂ ಹಾಸನದಲ್ಲಿ ಮಳೆಗಾಲ ಕಂಡ ಮೇಲಿನ ಬೇಸ್ ಬಗ್ಗೆ.

ನನ್ನ ಕೆಲಸ ಬೆಂಗಳೂರಲ್ಲಿ, ಮನೆ ಹಾಸನದಲ್ಲಿ. ವಾರಕ್ಕೊಮ್ಮೆ ಹೋಗಿ ಬರುತ್ತೇನೆ. 2017ರಲ್ಲಿ ಕುಣಿಗಲ್ ಮೇಲಿನ ಹೊಸ ರೈಲು ಮಾರ್ಗ ಶುರುವಾದ ಮೇಲೆ ಬಸ್ಸಿನ ಸಹವಾಸ ಕಡಿಮೆಯಾಗಿದೆ. ಚನ್ನರಾಯಪಟ್ಟಣ, ಶ್ರವಣಬೆಳಗೊಳ ದಾಟಿ ಯಶವಂತಪುರ ಮುಟ್ಟುವವರೆಗೆ ಚಕ್ರದ ಗಡಗಡ, ತಲೆ ಮೇಲೆ ಫ್ಯಾನಿನ ಗೊರಗೊರ. ಒಂದೇ ಸಮನೆ ಬರುವ ಇಂಥ ಸದ್ದಿಗೆಂದೇ ಈ ನಾಯ್ಸ್ ಕ್ಯಾನ್ಸಲಿಂಗ್ ತಂತ್ರ ಹುಟ್ಟಿದ್ದು. ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್ 1978ರಲ್ಲಿ ವಿಮಾನದಲ್ಲಿ ಹೋಗುವಾಗ ಅಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಇಂಜಿನ್ ಸದ್ದಿಗೆ ಹಾಡೇ ಸರಿಯಾಗಿ ಕೇಳಿಸಲಿಲ್ಲ. ಕೂತಲ್ಲೇ ಲೆಕ್ಕ ಹಾಕಲು ಶುರು ಮಾಡಿದರು. 1989ರ ಹೊತ್ತಿಗೆ ಪೈಲಟ್‌ಗಳಿಗೆ ಹೆಡ್‌ಸೆಟ್ ಬಂತು. ಹೊರಗಿನ ಸದ್ದನ್ನು ಮೈಕ್ ಹಿಡಿಯುತ್ತದೆ, ಒಳಗಿನ ಚಿಪ್ ಅದರ ಉಲ್ಟಾ ಅಲೆ ಮಾಡಿ ಕಿವಿಗೆ ಬಿಡುತ್ತದೆ, ಎರಡೂ ಸೇರಿ ಸದ್ದು ಸಾಯುತ್ತದೆ. ಆದರೆ ಇದು ನಡೆಯುವುದು ಹೆಚ್ಚಾಗಿ ಕೆಳದನಿಯ ಸದ್ದಿಗೆ, ಸುಮಾರು 1000 ಹರ್ಟ್ಸ್ ಒಳಗಿನದಕ್ಕೆ. ಅದರ ಮೇಲಿನದನ್ನು ತಡೆಯೋದು ಚಿಪ್ ಅಲ್ಲ, ಕಿವಿ ಸುತ್ತ ಕೂರುವ ಮೆತ್ತೆ. ಹಾಗಾಗಿ ರೈಲಿನ ಗಡಗಡ ಮಾಯವಾದರೂ ವಡೆ ಮಾರುವವನ ಕೂಗು ಮಾಯವಾಗಲ್ಲ. ಎದುರು ಸೀಟಿನವರು ಸ್ಪೀಕರಿನಲ್ಲೇ ಹಾಕಿಕೊಂಡು ನೋಡುವ ರೀಲ್ಸ್ ಅಂತೂ ಯಾವ ದುಡ್ಡಿಗೂ ಬಗ್ಗಲ್ಲ.

ರೈಲಿನಲ್ಲಿ ಕರಿಯದಕ್ಕೆ ಸಾಟಿ ಇಲ್ಲ. ಗಡಗಡ ಸದ್ದು ಇರುವಾಗ ಅದು ಮೊದಲು ನುಂಗುವುದು ಹಾಡಿನ ಬೇಸನ್ನೇ. ನಾವು ವಾಲ್ಯೂಮ್ ಏರಿಸುತ್ತೇವೆ, ಕಿವಿ ನೋಯುತ್ತದೆ. ಕರಿಯದರ ಗುಂಡಿ ಒತ್ತಿದರೆ ಆ ಗಡಗಡ ಹೋಗಿ, ಅರ್ಧಕ್ಕಿಂತ ಕಡಿಮೆ ವಾಲ್ಯೂಮಿನಲ್ಲೇ ಸಿನಿಮಾ ಹಾಡಿನ ಡೋಲು, ಡ್ರಮ್ಮು ಎಲ್ಲ ತುಂಬಿಕೊಂಡು ಬರುತ್ತದೆ. ಸಣ್ಣ ದನಿಯಲ್ಲಿ ಕೇಳುವಾಗ ನಮ್ಮ ಕಿವಿಗೆ ಬೇಸ್ ಹೇಗೂ ಕಡಿಮೆಯೇ ಕೇಳಿಸೋದು. ಹಾಗಾಗಿ ಕಂಪನಿಯವರು ಅದನ್ನು ಸ್ವಲ್ಪ ಜಾಸ್ತಿ ಇಟ್ಟಿದ್ದರೆ ತಪ್ಪೇನಿಲ್ಲ.

ತಕರಾರು ಶುರುವಾಗಿದ್ದು ಮನೆಯಲ್ಲಿ. ಭಾನುವಾರ ಬೆಳಿಗ್ಗೆ ಎಲ್ಲರೂ ಏಳುವ ಮೊದಲು ಡಿಕಾಕ್ಷನ್ ಇಳಿಯಲು ಬಿಟ್ಟು, ಹಜಾರದಲ್ಲಿ ಕೂತು ಒಂದು ಹಳೆಯ ಸಂಗೀತ ಕಚೇರಿ ಕೇಳೋದು ನನ್ನ ಅಭ್ಯಾಸ. ಅಮ್ಮನ ತವರು ಅರಕಲಗೂಡು ಕಡೆ. ರುದ್ರಪಟ್ಟಣ ಅಲ್ಲಿಗೆ ಹತ್ತಿರ. 1920ರಲ್ಲಿ ಅಲ್ಲೇ ಹುಟ್ಟಿದ ಆರ್.ಕೆ. ಶ್ರೀಕಂಠನ್ ಅವರ ಹಾಡುಗಾರಿಕೆ ನಮ್ಮ ಮನೆಯಲ್ಲಿ ಸುಪ್ರಭಾತದ ಹಾಗೆ ನಡೆದು ಬಂದಿದೆ. ಚಿಕ್ಕಂದಿನಲ್ಲಿ ಸ್ವಲ್ಪ ದಿನ ಮೃದಂಗ ಕಲಿತಿದ್ದರಿಂದ ನನ್ನ ಗಮನ ಹಾಡಿಗಿಂತ ಮೊದಲು ಎಡಗೈ ಕಡೆ ಹೋಗುತ್ತದೆ. ಮೃದಂಗದ ಎಡಗಡೆಗೆ, ಅಂದರೆ ತೊಪ್ಪಿಗೆ, ನುಡಿಸುವ ಮೊದಲು ರವೆ ಕಲಸಿ ಹಚ್ಚುತ್ತಾರೆ. ಆ ಭಾರಕ್ಕೇ ಅದು ಗುಂ ಅನ್ನೋದು. ಅಂಗೈ ಬುಡ ಒತ್ತಿ ಜಾರಿಸಿದರೆ ಆ ಗುಂ ಒಳಗೇ ಸ್ವರ ಏರುತ್ತದೆ. ಅದು ಗುಮ್ಕಿ. ನನ್ನ ಲೆಕ್ಕದಲ್ಲಿ ಬೇಸ್ ಪರೀಕ್ಷೆ ಅಂದರೆ ಅಷ್ಟೇ: ಗುಮ್ಕಿ ಏರಿದ್ದು ಗೊತ್ತಾಗಬೇಕು.

ಕರಿಯದರಲ್ಲಿ ಗೊತ್ತಾಗಲ್ಲ. ಧುಂ ಅನ್ನುತ್ತದೆ, ಮುಗೀತು. ತೊಪ್ಪಿಯೂ ಧುಂ, ಘಟದ ಹೊಟ್ಟೆಯೂ ಧುಂ, ಯಾರೋ ವೇದಿಕೆ ಮೇಲೆ ಕಾಲು ಎತ್ತಿಟ್ಟಿದ್ದೂ ಧುಂ. ಆ ಊದಿದ ಬೇಸ್ ಮಧ್ಯೆ ತಂಬೂರಿಯ ಮಂದ್ರದ ತಂತಿ ಎಲ್ಲಿ ಹೋಯಿತೋ. ಆ್ಯಪ್‌ನಲ್ಲಿ ಈಕ್ವಲೈಜರ್ ತೆಗೆದು ಬೇಸ್ ಇಳಿಸಿದೆ. ಧುಂ ಸಣ್ಣದಾಯಿತೇ ಹೊರತು ಬಿಡಿಸಿಕೊಳ್ಳಲಿಲ್ಲ. ನಾಯ್ಸ್ ಕ್ಯಾನ್ಸಲಿಂಗ್ ಆಫ್ ಮಾಡಿದರೆ ಇನ್ನೂ ವಿಚಿತ್ರ, ಹಾಡು ಕಂಬಳಿ ಹೊದ್ದ ಹಾಗೆ ಮಂಕಾಗುತ್ತದೆ. ಆ ಸೆಟ್ಟಿನ ದನಿಯನ್ನು ಚಿಪ್ ತಿದ್ದುತ್ತಾ ಇರುತ್ತದೆ, ಅದಿಲ್ಲದೆ ನಡೆಯಲ್ಲ.

ಇದರ ಜೊತೆಗೆ ಕನ್ನಡಕ. ನನ್ನದು ದಪ್ಪ ಶೆಲ್ ಫ್ರೇಮ್. ಕರಿಯದರ ಮೆತ್ತೆ ಗಟ್ಟಿ, ತೆಳು. ಕಡ್ಡಿ ಹಾದು ಹೋಗುವ ಕಡೆ ಮೆತ್ತೆ ಎದ್ದು ನಿಲ್ಲುತ್ತದೆ, ಸಂದಿ ಬೀಳುತ್ತದೆ. ಕಿವಿ ಸುತ್ತ ಗಾಳಿ ಆಡದ ಹಾಗೆ ಮುಚ್ಚಿದ್ದರೆ ಮಾತ್ರ ಬೇಸ್ ನಿಲ್ಲುವುದು. ಸಂದಿ ಬಿದ್ದರೆ ಮೊದಲು ಓಡಿಹೋಗುವುದೇ ಅದು. ಹೊರಗಿನ ಗಡಗಡವೂ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ನಿಮ್ಮಲ್ಲಿ ಕನ್ನಡಕ ಇರುವವರು ಇದನ್ನು ಈಗಲೇ ನೋಡಿ. ಹಾಡು ಹಾಕಿ ಕಿವಿ ಮೇಲಿನ ಎರಡೂ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಒತ್ತಿದಾಗ ಬೇಸ್ ಏರಿದರೆ, ಇಷ್ಟು ದಿನ ಸೋರುತ್ತಿತ್ತು ಅಂತ ಲೆಕ್ಕ. ಕನ್ನಡಕ ತೆಗೆದಿಟ್ಟು ಕೇಳಿದರೆ ಕರಿಯದು ತುಂಬಾ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಆಗ ನನಗೆ ಯಾವ ಸ್ಟೇಷನ್ ಬಂತು ಅಂತ ಬೋರ್ಡ್ ಕಾಣಲ್ಲ.

ಬೂದಿನದನ್ನು ಕೈಗೆತ್ತಿಕೊಂಡಿದ್ದು ಕರಿಯದರ ಚಾರ್ಜ್ ಮುಗಿದಿದ್ದ ಒಂದು ದಿನ. ಮೊದಲು ಸಪ್ಪೆ ಅನ್ನಿಸಿತು. ಬೇಸ್ ಇದೆಯೋ ಇಲ್ಲವೋ ಅನ್ನುವಷ್ಟು. ತನಿ ಆವರ್ತನ, ಅಂದರೆ ತಾಳವಾದ್ಯಗಳಷ್ಟೇ ನುಡಿಯುವ ಭಾಗ, ಬಂದಾಗ ಎದ್ದು ಕೂತೆ. ಗುಮ್ಕಿ ಏರಿತು! ಎಡಗೈ ಬೇರೆ, ಬಲಗೈ ಬೇರೆ, ಘಟ ಅದರ ಪಾಡಿಗೆ ಅದು. ಬೇಸ್ ಜಾಸ್ತಿ ಇರಲಿಲ್ಲ, ಆದರೆ ಅದಕ್ಕೆ ಆಕಾರ ಇತ್ತು. ಇದರ ಮೆತ್ತೆ ದಪ್ಪ, ಮೆದು. ಕಡ್ಡಿಯನ್ನು ಒಳಗೆ ಹುದುಗಿಸಿಕೊಂಡು ಸುತ್ತ ಮುಚ್ಚುತ್ತದೆ. ಹಾಗಾಗಿ ಕನ್ನಡಕ ಇದ್ದರೂ ತೆಗೆದರೂ ದನಿ ಹೆಚ್ಚು ಕಮ್ಮಿ ಒಂದೇ. ಸದ್ದು ಕೊಲ್ಲುವ ಶಕ್ತಿ ಕರಿಯದರಷ್ಟಿಲ್ಲ, ರೈಲಿನಲ್ಲಿ ಚಕ್ರದ ಸದ್ದು ತೆಳ್ಳಗೆ ಕೇಳುತ್ತಲೇ ಇರುತ್ತದೆ. ನನಗೆ ಅದು ಸಾಕು.

ಸಕಲೇಶಪುರದ ಹತ್ತಿರ ತಂಗಿ ಮನೆಯಲ್ಲಿ ಎರಡನ್ನೂ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮಿಷನ್, ಮುಂದೆ ಇಟ್ಟು ನೋಡಿದ್ದಾಯಿತು. ಕಾಫಿ ಕುಯ್ಲಿನ ಕಾಲ, ಸಂಜೆಯಿಂದ ರಾತ್ರಿವರೆಗೆ ಮೋಟಾರ್ ಒಂದೇ ರಾಗ. ಕರಿಯದು ಆ ಮೋಟಾರನ್ನು ಪೂರ್ತಿ ಅಳಿಸಿಬಿಟ್ಟಿತು. ತಂಗಿ ಗಂಡ ಹಾಕಿಕೊಂಡು ನೋಡಿ, ತೆಗೆದು, ಮತ್ತೆ ಹಾಕಿಕೊಂಡು, "ಭಾವ, ಮಿಷನ್ ನಿಂತೋಯ್ತಾ?" ಅಂದರು. ಮಳೆಗೆ ಮಾತ್ರ ಎರಡೂ ಸೋತವು. ಶೀಟಿನ ಮೇಲೆ ಬೀಳುವ ಮಳೆಯಲ್ಲಿ ಮೇಲ್ದನಿಯ ಸದ್ದೇ ಜಾಸ್ತಿ, ಅದು ಚಿಪ್‌ಗೆ ಸಿಗಲ್ಲ. ಅಲ್ಲಿಗೆ ಹೋಗುವ ಕೆಂಪು ಬಸ್ಸಿನಲ್ಲಿ ಇನ್ನೊಂದು ಕಾಟ. ಹಂಪ್ ಹಾರಿಸಿದಾಗಲೆಲ್ಲ ಕರಿಯದರ ಕಪ್ ಅದುಮಿಕೊಂಡು ಕಿವಿಯೊಳಗೆ ಟಪ್ ಅನ್ನುತ್ತದೆ.

ಮೆತ್ತೆಯ ವಿಷಯ ಇನ್ನೂ ಇದೆ. ಕೊಬ್ಬರಿ ಎಣ್ಣೆ ಹಚ್ಚುವ ತಲೆ ನನ್ನದು. ಎಣ್ಣೆ, ಬೆವರು ಸೇರಿ ಕರಿಯದರ ಮೆತ್ತೆಯ ಮೇಲಿನ ಚರ್ಮದಂಥ ಪದರ ಸಿಪ್ಪೆ ಏಳತೊಡಗಿತು. ಕರೀ ಚೂರುಗಳು ಅಂಗಿ ಕಾಲರ್ ಮೇಲೆ. ಸರ್ವಿಸ್ ಸೆಂಟರಿಗೆ ಹಾಸನದಿಂದ ಬೆಂಗಳೂರಿಗೆ ಹೊತ್ತುಕೊಂಡು ಹೋದೆ. ಮೆತ್ತೆ ವಾರಂಟಿಯಲ್ಲಿ ಬರಲ್ಲ ಅಂದರು. ಕಂಪನಿ ಮೆತ್ತೆ ಬೆಲೆ ಕೇಳಿ ವಾಪಸ್ ಬಂದು, ಆನ್‌ಲೈನ್‌ನಲ್ಲಿ ಅಗ್ಗದ ಜೋಡಿ ತರಿಸಿ ಹಾಕಿದೆ. ಬೇಸ್ ಇನ್ನಷ್ಟು ಇಳಿಯಿತು, ಜೊತೆಗೆ ಬಲಗಡೆ ಸಣ್ಣ ಕುಯ್ ಸದ್ದು. ದನಿಯಲ್ಲಿ ಮೆತ್ತೆಯದೂ ಒಂದು ಪಾಲು ಇದೆ ಅಂತ ಕೊಳ್ಳುವಾಗ ಯಾವ ಅಂಗಡಿಯವರೂ ಹೇಳಲ್ಲ. ಕೊಳ್ಳುವ ಮೊದಲು ಒಂದೇ ಒಂದು ಪ್ರಶ್ನೆ ಕೇಳುವುದಾದರೆ ಬಿಡಿ ಮೆತ್ತೆ ಸಿಗುತ್ತದಾ, ಎಷ್ಟು ಅಂತ ಕೇಳಿ.

ಈಗ ನನ್ನದೊಂದು ಮಡಿ ಇದೆ. ಎಣ್ಣೆ ಹಚ್ಚಿದ ದಿನ ತಲೆಗೆ ನೀರು ಬೀಳುವವರೆಗೆ ಹೆಡ್‌ಫೋನ್ ಮುಟ್ಟಲ್ಲ. ಕೇಳಿ ಮುಗಿದ ಮೇಲೆ ಹಳೇ ಪಂಚೆಯ ಮೆತ್ತನೆ ತುಂಡಿನಲ್ಲಿ ಮೆತ್ತೆ ಒರೆಸುತ್ತೇನೆ, ಮಡಿಕೆಯ ಸಂದಿಗೆ ಬೆರಳು ಹಾಕಿ ಒಂದು ಸುತ್ತು. ಆಷಾಢದಲ್ಲಿ ಬೆಲ್ಟು, ಚಪ್ಪಲಿಗೇ ಬೂಷ್ಟು ಹಿಡಿಯುವ ಊರುಗಳ ಕಡೆ ಹೋಗುವಾಗ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಕಡ್ಡಾಯ. ಹೊಸ ಶೂ ಡಬ್ಬದಲ್ಲಿ ಬರುತ್ತಲ್ಲ, ಅವನ್ನೇ ಎತ್ತಿಡುತ್ತೇನೆ.

ಉಳಿದದ್ದು ಬೇಗ ಹೇಳುತ್ತೇನೆ. ಕರೆಗಳಲ್ಲಿ ಎರಡೂ ಪರವಾಗಿಲ್ಲ. ಕರಿಯದರಲ್ಲಿ ಎಲ್‌ಡ್ಯಾಕ್ ಇದೆ, ಬ್ಲೂಟೂತಿನಲ್ಲಿ ಹಾಡನ್ನು ಹೆಚ್ಚು ವಿವರವಾಗಿ ಕಳಿಸುವ ವಿಧಾನ, 990 ಕೆಬಿಪಿಎಸ್ ಅಂತೆಲ್ಲ ಕುಣಿಯುತ್ತಾರೆ. ಐಫೋನಿನಲ್ಲಿ ಅದು ಇಲ್ಲವೇ ಇಲ್ಲ. ನನ್ನ ಆಂಡ್ರಾಯ್ಡ್‌ನಲ್ಲಿ ಹಾಕಿಯೂ ಕೇಳಿದೆ. ಹಳೆಯ ಕಚೇರಿ ರೆಕಾರ್ಡಿಂಗಿಗೆ ಏನೂ ಫರಕ್ ಇಲ್ಲ, ಯಶವಂತಪುರದ ಜನಜಂಗುಳಿಯಲ್ಲಿ ಮಾತ್ರ ಹಾಡು ತುಂಡಾಗುತ್ತದೆ.

ಹೆಂಡತಿಗೆ ಕನ್ನಡಕ ಇಲ್ಲ. ಅವಳು ಕೇಳುವುದು ಸಿನಿಮಾ ಹಾಡು, ಅಡುಗೆಮನೆಯಲ್ಲಿ, ಚಿಮಣಿಯ ಸದ್ದಿನ ಮಧ್ಯೆ. "ರೀ, ಆ ಕರಿಯದನ್ನ ನಂಗೆ ಕೊಡಿ, ನಿಮಗ್ಯಾಕೆ ಸುಮ್ನೆ" ಅಂತ ಕೇಳಿ ತೆಗೆದುಕೊಂಡಳು. ಅವಳಿಗೋಸ್ಕರ ಕಂಪನಿಯ ಮೆತ್ತೆಯನ್ನೇ ತರಿಸಿದೆ, ನನಗಾಗಿ ತರಿಸಲು ಮನಸ್ಸು ಬಂದಿರಲಿಲ್ಲ. ಅವಳ ತಲೆ ಮೇಲೆ ಆ ಸೆಟ್ಟಿನ ಬೇಸ್ ಸೋರಲ್ಲ. ಐದರಲ್ಲಿ ನಾಲ್ಕೂವರೆ ಅನ್ನುತ್ತಾಳೆ. ನನ್ನ ಕಡೆಯಿಂದ ಕರಿಯದಕ್ಕೆ ಎರಡೂವರೆ, ಬೂದಿನದಕ್ಕೆ ನಾಲ್ಕು. ಬೂದಿನದರ ಅರ್ಧ ಅಂಕ ಕಳೆದಿದ್ದು ಗುಂಡಿಗಳಿಗೆ: ಮೂರೂ ಒಂದೇ ಥರ ಇವೆ, ಕತ್ತಲಲ್ಲಿ ವಾಲ್ಯೂಮ್ ಏರಿಸಲು ಹೋಗಿ ಯಾರಿಗೋ ಫೋನ್ ಹೋಗುತ್ತದೆ. ಇನ್ನರ್ಧ ಕಳೆದಿದ್ದು ಅದರ ಡಬ್ಬಕ್ಕೆ, ಜಿಪ್ ಆಗಲೇ ಕಿತ್ತು ಬಂದಿದೆ.