ಸ್ಪೆಷಲ್ ಎಜುಕೇಶನ್ ಮಾಸ್ಟರ್ಸ್: ಎರಡು ವರ್ಷ ಓದಿದವಳ ಅನಿಸಿಕೆ

ಸ್ಪೆಷಲ್ ಎಜುಕೇಶನ್, ಅಂದರೆ ಅಂಗವೈಕಲ್ಯ ಅಥವಾ ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ಕಲಿಸುವುದನ್ನು ಹೇಳಿಕೊಡುವ ಕೋರ್ಸ್ ಮುಗಿದು ನಾಲ್ಕು ತಿಂಗಳಾಯಿತು. "ಹೇಗಿದೆ, ಸೇರಬಹುದಾ" ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಒಬ್ಬೊಬ್ಬರಿಗೂ ಅರ್ಧರ್ಧ ಹೇಳುವುದಕ್ಕಿಂತ ಒಂದೇ ಸಲ ಪೂರ್ತಿ ಬರೆದುಬಿಡೋಣ ಅನ್ನಿಸಿತು. ವಿಶ್ವವಿದ್ಯಾಲಯದ ಹೆಸರು ಹೇಳುವುದಿಲ್ಲ, ಯಾಕೆಂದರೆ ನಾನು ಹೇಳುವುದರಲ್ಲಿ ಬಹುಪಾಲು ಎಲ್ಲಿ ಓದಿದರೂ ಎದುರಾಗುವಂಥದ್ದೇ.

ಐದಕ್ಕೆ ನಾಲ್ಕು ಕೊಡುತ್ತೇನೆ. ಆ ನಾಲ್ಕರಲ್ಲಿ ಮೂರು ಪ್ರಾಕ್ಟಿಕಮ್‌ಗೇ ಸಲ್ಲಬೇಕು. ಅಂದರೆ ನಿಜವಾದ ತರಗತಿಯಲ್ಲಿ, ನಿಜವಾದ ಮಕ್ಕಳ ಜೊತೆ, ಅನುಭವ ಇರುವ ಟೀಚರ್ ಒಬ್ಬರು ಪಕ್ಕದಲ್ಲಿ ಕೂತು ನೋಡುತ್ತಿರುವಾಗ ನಾವು ಮಾಡುವ ಕೆಲಸ. ಉಳಿದಿದ್ದನ್ನು ಮನೆಯಲ್ಲೇ ಕೂತು ಓದಿಕೊಳ್ಳಬಹುದು ಅಂತ ಹೇಳುವಷ್ಟು ದೂರ ಹೋಗಲ್ಲ, ಆದರೆ ಹತ್ತಿರ ಹತ್ತಿರ ಹಾಗೇ.

ನಾನು ಇದಕ್ಕೆ ಮುಂಚೆ ಆರು ವರ್ಷ ಮಾಮೂಲಿ ತರಗತಿಯಲ್ಲಿ ಪಾಠ ಮಾಡಿದವಳು. ಮೂರನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಕೇಳಿದ ಕಥೆಯನ್ನು ಒಂದು ಎಳೆ ಬಿಡದೆ ಬಾಯಲ್ಲಿ ಹೇಳುತ್ತಿದ್ದಳು. ಅದನ್ನೇ ಬರಿ ಅಂದರೆ ಎರಡು ಸಾಲಿಗೆ ಅರ್ಧ ಗಂಟೆ, ಆಮೇಲೆ ಅಳು. "ಮನೆಯಲ್ಲಿ ಸ್ವಲ್ಪ ಗಮನ ಕೊಡಿ, ಸರಿಹೋಗುತ್ತೆ" ಅಂತ ಅವಳ ತಾಯಿಗೆ ಹೇಳಿ ಕಳಿಸಿದ್ದೆ. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚೆನ್ನಾಗಿದ್ದರೂ ಓದು ಬರಹ ಮಾತ್ರ ಕಷ್ಟವಾಗುವ ತೊಂದರೆ, ಅನ್ನುವ ಪದ ನನಗೆ ಗೊತ್ತಿತ್ತು. ಮಗು ಎದುರಿಗೇ ಕೂತಿದ್ದಾಗ ಸಂಶಯ ಕೂಡ ಬರಲಿಲ್ಲ. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಅರ್ಜಿ ಹಾಕಿದ್ದು ಆ ವರ್ಷವೇ.

ಮೊದಲ ಸೆಮಿಸ್ಟರ್ ಪೂರ್ತಿ ಇತಿಹಾಸ, ಕಾನೂನು, ಮಕ್ಕಳ ಬೆಳವಣಿಗೆ. ತುಂಬಾ ಜನರಿಗೆ ಇಲ್ಲೇ ಬೇಜಾರು ಹತ್ತುತ್ತದೆ. ನನಗೆ ಇತಿಹಾಸ ಹಿಡಿಸಿತು. ಫ್ರಾನ್ಸಿನಲ್ಲಿ ಕಾಡಿನಿಂದ ಸಿಕ್ಕಿದ ವಿಕ್ಟರ್ ಎಂಬ ಹುಡುಗನಿಗೆ ಇಟಾರ್ಡ್ ಎಂಬ ಯುವ ವೈದ್ಯರು ಕಲಿಸಲು ಹೊರಟರು, 1801ರಲ್ಲಿ ಅದರ ಮೊದಲ ವರದಿ ಬಂತು. ವಿಕ್ಟರ್‌ಗೆ ಕೊನೆಗೂ ಮಾತು ಸರಿಯಾಗಿ ಬರಲಿಲ್ಲ. ಆದರೆ ಅವನಿಗೆ ಕಲಿಸುವಾಗ ಹುಟ್ಟಿದ ವಿಧಾನಗಳನ್ನು ಇಟಾರ್ಡ್ ಅವರ ಶಿಷ್ಯ ಸೆಗ್ವಿನ್ ಮುಂದುವರಿಸಿದರು. ಅವರಿಬ್ಬರ ಬರಹಗಳನ್ನು ಓದಿಕೊಂಡೇ ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ "ಮಕ್ಕಳ ಮನೆ" ಎಂಬ ತಮ್ಮ ಶಾಲೆ ಶುರು ಮಾಡಿದರು. ಇವತ್ತು ಯಾವುದೋ ಮಾಂಟೆಸ್ಸರಿ ಶಾಲೆಯಲ್ಲಿ ಮಗು ಮರದ ತುಂಡುಗಳನ್ನು ಗುಂಡಿಗೆ ಹೊಂದಿಸುತ್ತಾ ಕೂತಿದ್ದರೆ, ಅದರ ಬೇರು ಸ್ಪೆಷಲ್ ಎಜುಕೇಶನ್‌ನಲ್ಲಿದೆ. ಇದು ಗೊತ್ತಾದ ದಿನ ನನಗೆ ನಿಜಕ್ಕೂ ಖುಷಿಯಾಯಿತು.

ಕಾನೂನಿನ ಪಾಠ ಮಾತ್ರ ಇಸವಿ ಬಾಯಿಪಾಠ ಮಾಡಿಸಿದ ಹಾಗಿತ್ತು. ಅಂಗವೈಕಲ್ಯ ಇರುವ ಮಕ್ಕಳ ಶಿಕ್ಷಣಕ್ಕೆಂದು ಬಂದ 1975ರ ಅಮೆರಿಕದ ಕಾಯ್ದೆ, 1994ರಲ್ಲಿ 92 ಸರ್ಕಾರಗಳು ಸೇರಿ ಎಲ್ಲ ಮಕ್ಕಳೂ ಮಾಮೂಲಿ ಶಾಲೆಯಲ್ಲೇ ಒಟ್ಟಿಗೆ ಕಲಿಯಬೇಕು ಅಂತ ಒಪ್ಪಿದ ಸಲಮಾಂಕಾ ಹೇಳಿಕೆ, ಅಂಗವಿಕಲರ ಹಕ್ಕುಗಳ ಬಗ್ಗೆ 2006ರ ವಿಶ್ವಸಂಸ್ಥೆಯ ಒಡಂಬಡಿಕೆ, ಅದರಲ್ಲಿ ಶಿಕ್ಷಣದ ಬಗ್ಗೆ ಇರುವ 24ನೇ ವಿಧಿ. ಪರೀಕ್ಷೆಗೆ ಬರೆದೆ, ಮರೆತೆ. ಮೂರನೇ ಸೆಮಿಸ್ಟರ್‌ನಲ್ಲಿ ಒಂದು ಮಗುವಿನ ಐಇಪಿ, ಅಂದರೆ ಆ ಒಂದೇ ಮಗುವಿಗೆಂದು ಮಾಡುವ ಕಲಿಕೆಯ ಯೋಜನೆ, ಬರೆಯಲು ಕೂತಾಗ ಆ 1975ರ ಕಾಯ್ದೆ ನೆನಪಾಯಿತು. ಈ ಕಾಗದ ಹುಟ್ಟಿದ್ದೇ ಅಲ್ಲಿಂದ. ತಂದೆತಾಯಿ ಆ ಸಭೆಯಲ್ಲಿ ಕೂರುವುದು ನಾವು ಕೊಡುವ ದಯೆ ಅಲ್ಲ, ಹಕ್ಕು ಅಂತ ಅದರಲ್ಲೇ ಬರೆದಿದೆ. ಎರಡನ್ನೂ ಒಟ್ಟಿಗೆ ಕಲಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಈಗ ಪ್ರಾಕ್ಟಿಕಮ್ ವಿಷಯಕ್ಕೆ ಬರುತ್ತೇನೆ.

ಎರಡನೇ ಪ್ರಾಕ್ಟಿಕಮ್‌ನಲ್ಲಿ ನನಗೆ ಸಿಕ್ಕ ಮೇಡಂ ಇಪ್ಪತ್ತೈದು ವರ್ಷ ಇದೇ ಕೆಲಸ ಮಾಡಿದವರು. ಏಳು ವರ್ಷದ ಒಬ್ಬ ಹುಡುಗನನ್ನು ಒಂದು ವಾರ ಗಮನಿಸಿ ಬರೆಯಲು ಹೇಳಿದರು. ಮೊದಲ ದಿನ ಬರೆದುಕೊಂಡು ಹೋದೆ: "ಇವತ್ತು ತುಂಬಾ ಹಠ ಮಾಡಿದ, ಮಾತು ಕೇಳಲಿಲ್ಲ, ಓಡಿಹೋದ." ಮೇಡಂ ಓದಿ ಪುಸ್ತಕ ನನ್ನ ಕಡೆ ತಿರುಗಿಸಿದರು. "ಹಠ ಅಂದ್ರೆ ಏನಮ್ಮ? ನೀನು ಕಣ್ಣಲ್ಲಿ ಕಂಡಿದ್ದು ಏನು, ಅದನ್ನ ಬರಿ." ಅಷ್ಟೇ. ಹಳೇ ಪುಟ ಹರಿದು ಹೊಸದಾಗಿ ಮೂರು ಕಲಂ ಹಾಕಿಸಿದರು. ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಸುತ್ತಲಿದ್ದವರು ಏನು ಮಾಡಿದರು. ಎಬಿಸಿ ಚಾರ್ಟ್ ಅಂತ ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದೂ ಇದ್ದೆ. ಕೈಯಿಂದ ತುಂಬಿಸುವಾಗ ಗೊತ್ತಾಯಿತು ಎಷ್ಟು ಕಷ್ಟ ಅಂತ. ಪ್ರತಿ ಸಲ ಪೆನ್ನು "ಸಿಟ್ಟು ಮಾಡಿಕೊಂಡ" ಅಂತ ಬರೆಯಲು ಹೋಗುತ್ತದೆ. ತಡೆದು, "ಡಬ್ಬಿ ನೆಲಕ್ಕೆ ಎಸೆದ, ಬಾಗಿಲ ಕಡೆ ಓಡಿದ" ಅಂತ ಬರೆಯಬೇಕು.

ವಾರದ ಕೊನೆಗೆ ಹನ್ನೊಂದು ಸಲ ಎದ್ದು ಓಡಿದ್ದ. ಬರವಣಿಗೆ ತಪ್ಪಿಸಿಕೊಳ್ಳಲು ಓಡುತ್ತಾನೆ ಅಂತ ಆ ಶಾಲೆಯಲ್ಲಿ ಎಲ್ಲರೂ ನಂಬಿದ್ದರು, ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ಕಲಂ ಮಾತ್ರ ಮೇಲಿಂದ ಕೆಳಗೆ ಓದಿ ನೋಡಿದೆ. ಹನ್ನೊಂದರಲ್ಲಿ ಒಂಬತ್ತು ಸಲ ಅವನು ಕಾಯುತ್ತಿದ್ದ. ಕೈ ತೊಳೆಯುವ ಸಾಲಿನಲ್ಲಿ, ಜಾರುಬಂಡೆಯ ಹತ್ತಿರ, ಬಣ್ಣದ ಪೆನ್ಸಿಲ್ ತನಗೆ ಬರುವ ತನಕ. ಎಷ್ಟು ಹೊತ್ತು ಕಾಯಬೇಕು ಅನ್ನುವುದು ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಒಂದು ರಟ್ಟಿನ ತುಂಡಿಗೆ ಬಟ್ಟೆ ಒಣಹಾಕುವ ಐದು ಕ್ಲಿಪ್ ಸಿಕ್ಕಿಸಿ ಕೊಟ್ಟೆ. ಮುಂದಿನ ಮಗು ಸಾಲಿನಿಂದ ಹೋದಾಗಲೆಲ್ಲ ಒಂದು ಕ್ಲಿಪ್ ಅವನೇ ತೆಗೆಯಬೇಕು. ಎಲ್ಲ ಖಾಲಿ ಆದರೆ ಅವನ ಸರದಿ. ಮೂರನೇ ವಾರದಲ್ಲಿ ಕೊನೇ ಕ್ಲಿಪ್ ಹಿಡಿದುಕೊಂಡು, ನಲ್ಲಿ ಮುಂದೆ ನಿಂತು, ನನ್ನ ಕಡೆ ತಿರುಗಿ ನೋಡಿದ. ಈ ಕೋರ್ಸಿಗೆ ಸೇರಿದ್ದು ಸಾರ್ಥಕ ಅಂತ ಮನಸ್ಸಿಗೆ ಬಂದಿದ್ದು ಆವತ್ತು.

ಮಾತು ಬಾರದ ಮಗು ಚಿತ್ರ ಕೊಟ್ಟು ತನಗೆ ಬೇಕಾದ್ದನ್ನು ಕೇಳುವ ಪದ್ಧತಿಯನ್ನೂ ಇದೇ ಮೇಡಂ ಕಲಿಸಿದರು. ಪೆಕ್ಸ್ ಅಂತಾರೆ, 1985ರಲ್ಲಿ ಬಾಂಡಿ ಮತ್ತು ಫ್ರಾಸ್ಟ್ ಎಂಬಿಬ್ಬರು ರೂಪಿಸಿದ್ದು, ಒಟ್ಟು ಆರು ಹಂತ. ಮೊದಲ ಹಂತದಲ್ಲಿ ಮಗುವಿನ ಎದುರು ಒಬ್ಬರು, ಬೆನ್ನ ಹಿಂದೆ ಒಬ್ಬರು. ಎದುರಿಗಿದ್ದವರ ಕೈಯಲ್ಲಿ ಮಗುವಿಗೆ ಇಷ್ಟವಾದ ವಸ್ತು. ಮಗು ಅದಕ್ಕೆ ಕೈ ಚಾಚಿದಾಗ ಹಿಂದಿದ್ದವರು ಆ ಕೈಗೆ ಚಿತ್ರ ಹಿಡಿಸಿ, ಎದುರಿಗಿದ್ದವರ ಅಂಗೈಗೆ ಕೊಡಿಸುತ್ತಾರೆ. ಈ ಹಂತದಲ್ಲಿ "ಏನು ಬೇಕು?" ಅಂತ ಕೇಳುವ ಹಾಗೇ ಇಲ್ಲ. ಕೇಳಿಬಿಟ್ಟರೆ, ಯಾರಾದರೂ ಕೇಳಿದರೆ ಮಾತ್ರ ಕೊಡಬೇಕು ಅಂತ ಮಗು ಕಲಿಯುತ್ತದೆ. ತಾನಾಗಿಯೇ ಬಂದು ಕೇಳುವುದು ಹಿಂದೆ ಬೀಳುತ್ತದೆ. ಟೀಚರ್ ಆಗಿ ಬಾಯಿ ಮುಚ್ಚಿ ಕೂರುವುದು ಎಷ್ಟು ಕಷ್ಟ ಗೊತ್ತಾ! ನಮ್ಮ ಗುಂಪಿನಲ್ಲಿ ಮೊದಲ ದಿನ ಆ ಪ್ರಶ್ನೆ ಕೇಳದೆ ಉಳಿದವರು ಒಬ್ಬರೂ ಇಲ್ಲ. ವಿಡಿಯೋ ನೋಡಿ ಇದನ್ನು ಕಲಿಯಲು ಆಗುವುದಿಲ್ಲ, ಪಕ್ಕದಲ್ಲಿ ಕೂತವರು ಭುಜ ತಟ್ಟಬೇಕು.

ಬ್ರೈಲ್ ನಮಗೆ ಒಂದೇ ಸೆಮಿಸ್ಟರ್ ಇತ್ತು. ಆರು ಚುಕ್ಕೆ, ಅದರಲ್ಲಿ 63 ಆಕಾರ. ಲೂಯಿ ಬ್ರೈಲ್ 1824ರಲ್ಲಿ ಇದನ್ನು ರೂಪಿಸಿದಾಗ ವಯಸ್ಸು ಹದಿನೈದು. ಓದುವುದು ಎಡದಿಂದ ಬಲಕ್ಕೆ. ಆದರೆ ಸ್ಲೇಟು (ಕಿಂಡಿಗಳಿರುವ ಪಟ್ಟಿ), ಸ್ಟೈಲಸ್ (ಚುಕ್ಕೆ ಚುಚ್ಚುವ ಕಡ್ಡಿ) ಹಿಡಿದು ಬರೆಯುವಾಗ ಹಾಳೆಯ ಹಿಂಬದಿಯಿಂದ ಚುಚ್ಚುವುದರಿಂದ ಬಲದಿಂದ ಎಡಕ್ಕೆ, ಎಲ್ಲ ತಿರುಗುಮುರುಗಾಗಿ ಬರೆಯಬೇಕು. ಇಂಗ್ಲಿಷಿನ ಇ ಮತ್ತು ಐ ಒಂದಕ್ಕೊಂದು ಕನ್ನಡಿಯಲ್ಲಿ ಕಂಡ ಹಾಗಿವೆ, ಅವೆರಡನ್ನು ನಾನು ವಾರಗಟ್ಟಲೆ ಅದಲುಬದಲು ಮಾಡಿದೆ. ಅಕ್ಷರ ತಿರುಗಿಸಿ ಬರೆಯುವ ಮಕ್ಕಳನ್ನು ಬೈದಿದ್ದು ಆಗ ನೆನಪಾಯಿತು. ಸನ್ನೆ ಭಾಷೆಗೂ ಒಂದೇ ಸೆಮಿಸ್ಟರ್. ಅದು ತನ್ನದೇ ವ್ಯಾಕರಣ ಇರುವ ಪೂರ್ತಿ ಭಾಷೆ, ಹದಿನಾರು ವಾರದಲ್ಲಿ ಪರಿಚಯ ಆಗುತ್ತದೆ ಅಷ್ಟೇ. ಕಿವಿ ಕೇಳದ ಮಕ್ಕಳ ಜೊತೆಯೇ ಕೆಲಸ ಮಾಡಬೇಕು ಅನ್ನುವವರು ಆ ವಿಭಾಗವನ್ನೇ ವಿಶೇಷವಾಗಿ ತೆಗೆದುಕೊಳ್ಳಿ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿಸುವ ಕೋರ್ಸ್ ಅವರಿಗೆ ಸಾಲದು.

ಸ್ಟ್ಯಾಟಿಸ್ಟಿಕ್ಸ್‌ಗೆ ಹೆದರಬೇಡಿ. ಒಂದೇ ಮಗುವಿನ ಮೇಲೆ ಮಾಡುವ ಅಧ್ಯಯನದ ಭಾಗವಂತೂ ಇವತ್ತಿಗೂ ಕೆಲಸಕ್ಕೆ ಬರುತ್ತಿದೆ. ಏನೂ ಮಾಡದೆ ಒಂದಷ್ಟು ದಿನ ಎಣಿಸುವುದು, ಆಮೇಲೆ ಹೊಸ ವಿಧಾನ ಶುರು ಮಾಡಿ ಎಣಿಸುವುದು, ಗ್ರಾಫ್ ಹಾಕುವುದು. ಕ್ಲಿಪ್ ರಟ್ಟು ಕೆಲಸ ಮಾಡಿತು ಅಂತ ನಾನು ಧೈರ್ಯವಾಗಿ ಹೇಳುವುದು ಆ ಗ್ರಾಫ್ ಇರುವುದರಿಂದ. ಅದನ್ನು ಕಿತ್ತುಕೊಂಡು ಮತ್ತೆ ಓಡುತ್ತಾನಾ ಅಂತ ನೋಡಿದರೆ ಸಾಕ್ಷಿ ಇನ್ನೂ ಗಟ್ಟಿಯಾಗುತ್ತದೆ, ಅದೂ ಒಂದು ಒಪ್ಪಿತ ವಿಧಾನ. ಆದರೆ ಮಗುವಿಗೆ ಸಿಕ್ಕ ಆಸರೆಯನ್ನು ನಮ್ಮ ಸಾಕ್ಷಿಗೋಸ್ಕರ ತೆಗೆಯಬೇಕಾ? ತರಗತಿಯಲ್ಲಿ ಇದರ ಮೇಲೆ ಒಂದು ಇಡೀ ಮಧ್ಯಾಹ್ನ ಜಗಳವಾಡಿದೆವು. ನಾನು ತೆಗೆಯಲಿಲ್ಲ.

ಇನ್ನು ಆ ಒಂದು ಅಂಕ ಎಲ್ಲಿ ಹೋಯಿತು ಅಂತ ಹೇಳಬೇಕಲ್ವಾ. ನನ್ನ ಮೊದಲ ಪ್ರಾಕ್ಟಿಕಮ್ ಹತ್ತು ವಾರದ್ದು. ನೋಡಲು ಬರಬೇಕಾದವರು ಬಂದಿದ್ದು ಎರಡೇ ಸಲ, ಎರಡನೇ ಸಲ ಬಂದಾಗ ಹದಿನೈದು ನಿಮಿಷ ಇದ್ದು ಸಹಿ ಹಾಕಿ ಹೋದರು. ಆ ಹತ್ತು ವಾರ ನಾನು ನನ್ನ ಹಳೇ ತಪ್ಪುಗಳನ್ನೇ ಇನ್ನೂ ಚೆನ್ನಾಗಿ ಅಭ್ಯಾಸ ಮಾಡಿದೆ. ಮಕ್ಕಳಿಗೆ ಕೇಳುವ ಮುಂಚೆಯೇ ಸಹಾಯ ಮಾಡುತ್ತಿದ್ದೆ. ಪ್ರಶ್ನೆ ಕೇಳಿ ಐದು ಸೆಕೆಂಡ್ ಸುಮ್ನೆ ಕಾಯಬೇಕು ಅಂತ ಯಾರೂ ಹೇಳಲಿಲ್ಲ. ಅದನ್ನು ಎರಡನೇ ಮೇಡಂ ಮೊದಲ ದಿನವೇ ಹಿಡಿದರು. ಒಂದೇ ಕೋರ್ಸ್, ಒಂದೇ ಶುಲ್ಕ, ಎರಡು ಪ್ರಾಕ್ಟಿಕಮ್ ನಡುವೆ ಇಷ್ಟು ವ್ಯತ್ಯಾಸ ಇರಬಾರದು.

ತಂದೆತಾಯಿಯ ಜೊತೆ ಮಾತಾಡುವುದಕ್ಕೆ ಎರಡು ವರ್ಷದಲ್ಲಿ ಒಂದೇ ಒಂದು ಪಾಠ. ಕೆಲಸಕ್ಕೆ ಸೇರಿದ ಮೇಲೆ ವಾರಕ್ಕೆ ಮೂರ್ನಾಲ್ಕು ಸಲ ಮಾಡುವ ಕೆಲಸವೇ ಅದು. ಪರೀಕ್ಷೆಯ ಅಂಕಗಳನ್ನು ಎದುರಿಗಿಟ್ಟು, ನಿಮ್ಮ ಮಗುವಿಗೆ ಓದಿನಲ್ಲಿ ಹೀಗೊಂದು ತೊಂದರೆ ಇದೆ, ಇದು ನಿಮ್ಮ ತಪ್ಪಲ್ಲ, ಅವಳ ಸೋಮಾರಿತನವೂ ಅಲ್ಲ ಅಂತ ಹೇಗೆ ಹೇಳುವುದು? ಯಾವ ಮಾತು ಮೊದಲು, ಎಲ್ಲಿ ನಿಲ್ಲಿಸಬೇಕು, ಅವರು ಅತ್ತರೆ ಏನು ಮಾಡಬೇಕು? ಇದಕ್ಕೆ ಇಡೀ ಸೆಮಿಸ್ಟರ್ ಕೊಟ್ಟರೂ ಕಡಿಮೆಯೇ. ಇನ್ನೊಂದು ಕೊರತೆ ಅಂದರೆ, ಅಂಗವೈಕಲ್ಯ ಇರುವ ದೊಡ್ಡವರು ಬಂದು ತಮ್ಮ ಶಾಲೆಯ ದಿನಗಳ ಬಗ್ಗೆ ಮಾತಾಡಿದ್ದು ಒಂದೇ ಸಲ. ಗಾಲಿಕುರ್ಚಿ ಬಳಸುವ ಒಬ್ಬರು, "ನನಗೆ ಶಾಲೆಯಲ್ಲಿ ಎಲ್ಲರೂ ಸಹಾಯ ಮಾಡಿದರು, ಯಾರೂ ಕಷ್ಟದ ಲೆಕ್ಕ ಕೊಡಲಿಲ್ಲ" ಅಂದರು. ಅವರ ಒಂದು ಗಂಟೆಯಷ್ಟು ನೆನಪಿರುವ ಪಾಠ ನನಗೆ ಬೇರೆ ಇಲ್ಲ.

ಸೇರುವ ಯೋಚನೆ ಇದ್ದರೆ ಕೆಲವು ಪ್ರಶ್ನೆ ನೇರವಾಗಿ ಕೇಳಿ. ಪ್ರಾಕ್ಟಿಕಮ್ ಒಟ್ಟು ಎಷ್ಟು ಗಂಟೆ, ನೋಡಲು ಬರುವವರು ಎಷ್ಟು ಸಲ ಬರುತ್ತಾರೆ, ಬಂದವರು ಕೊನೆಯ ಸಲ ಮಕ್ಕಳಿಗೆ ಪಾಠ ಮಾಡಿದ್ದು ಯಾವಾಗ. ಈ ಪದವಿಯಿಂದಲೇ ಟೀಚರ್ ಪರವಾನಗಿ ಸಿಗುತ್ತದಾ ಅಂತಲೂ ಕೇಳಿ, ಕೆಲವು ಕಡೆ ಪದವಿಯೇ ಬೇರೆ, ಪರವಾನಗಿಯೇ ಬೇರೆ. ಪೂರ್ತಿ ಆನ್‌ಲೈನ್ ಕೋರ್ಸ್ ಆದರೆ ಪ್ರಾಕ್ಟಿಕಮ್ ಶಾಲೆಯನ್ನು ಅವರು ಹುಡುಕಿಕೊಡುತ್ತಾರಾ, ನೀವೇ ಹುಡುಕಬೇಕಾ ಅನ್ನುವುದು ದೊಡ್ಡ ವಿಷಯ. ಥಿಯರಿ ಆನ್‌ಲೈನ್‌ನಲ್ಲಿ ಓದಿದರೆ ಏನೂ ನಷ್ಟವಿಲ್ಲ. ತರಗತಿಯನ್ನೇ ನೋಡಿರದವರು ಅರ್ಜಿ ಹಾಕುವ ಮುಂಚೆ ಒಂದೆರಡು ತಿಂಗಳು ಯಾವುದಾದರೂ ವಿಶೇಷ ಶಾಲೆಯಲ್ಲಿ ಸಹಾಯಕರಾಗಿ ಇದ್ದು ಬನ್ನಿ. ನಮ್ಮ ಬ್ಯಾಚಿನಲ್ಲಿ ಹಾಗೆ ಬಂದವರು ಕೇಳುತ್ತಿದ್ದ ಪ್ರಶ್ನೆಗಳೇ ಬೇರೆ ಥರ ಇರುತ್ತಿದ್ದವು.

ಕೆಲಸದ ಜೊತೆ ಓದುವವರಿಗೆ ಒಂದು ಮಾತು. ಓದು, ಅಸೈನ್‌ಮೆಂಟ್ ರಾತ್ರಿ ಮಾಡಬಹುದು. ಶಾಲೆ ನಡೆಯುವುದು ಹಗಲು, ಹಾಗಾಗಿ ಪ್ರಾಕ್ಟಿಕಮ್ ಹಗಲಲ್ಲೇ ಮಾಡಬೇಕು, ಬೇರೆ ದಾರಿ ಇಲ್ಲ. ಯಾವ ತಿಂಗಳು, ಎಷ್ಟು ವಾರ ಅಂತ ಸೇರುವ ದಿನವೇ ಬರೆಸಿಕೊಂಡು ಕೆಲಸದ ಕಡೆ ರಜೆ ಮಾತಾಡಿಡಿ. ನನ್ನ ಪಕ್ಕದಲ್ಲಿ ಕೂರುತ್ತಿದ್ದವರು, ನನಗಿಂತ ಚೆನ್ನಾಗಿ ಓದುತ್ತಿದ್ದವರು, ರಜೆ ಸಿಗದೆ ಕೊನೆಯ ಪ್ರಾಕ್ಟಿಕಮ್ ಒಂದು ವರ್ಷ ಮುಂದಕ್ಕೆ ಹಾಕಿದ್ದಾರೆ. ಅದು ಬರುವ ತಿಂಗಳು ಶುರುವಾಗುತ್ತದೆ. ನನ್ನ ಎಬಿಸಿ ಪುಸ್ತಕ ಈಗ ಅವರ ಹತ್ತಿರ ಇದೆ.