1098: ಕರೆ ಪುಕ್ಕಟೆ, ಗುರುತು ನೀವೇ ಹೇಳಬೇಕು

ಸೊಲ್ಲಾಪುರ, ಅಕ್ಕಲಕೋಟೆ, ದುಧನಿ ಕಡೆ ಮನೆ ಬಿಟ್ಟ ಹುಡುಗರಿಗೆ ಮುಂಬೈ ಒಂದೇ ರಾತ್ರಿಯ ದಾರಿ. ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಮುಂಬೈಯ ದೊಡ್ಡ ಸ್ಟೇಷನ್ ಸಿಎಸ್‌ಎಂಟಿ. ಆ ತುದಿಗಾಗಲಿ ಈ ತುದಿಗಾಗಲಿ, ಒಂಟಿ ಮಗು ಕಂಡರೆ ಒತ್ತಬೇಕಾದ ನಂಬರು 1098, ಮಕ್ಕಳ ಸಹಾಯವಾಣಿ. 1996ರಲ್ಲಿ ಮುಂಬೈಯಲ್ಲೇ ಶುರುವಾದ ಸೇವೆ ಇದು. 2023ರಲ್ಲಿ ಸರ್ಕಾರವೇ ಕೈಗೆ ತಗೊಂಡು ತುರ್ತು ನಂಬರು 112ಕ್ಕೆ ಜೋಡಿಸಿತು. ಹಗಲು ರಾತ್ರಿ ನಡೆಯುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಕರೆ ಮಾಡಿದವರ ಬಾಯಲ್ಲೇ. 'ಸ್ಟೇಷನ್ನಿನಾಗ ಒಂದು ಹುಡುಗ ಅದಾನ್ರೀ' ಅಂದರೆ ಯಾರು ಹುಡುಕಬೇಕು? ಮೊದಲು ರಾಜ್ಯ, ಜಿಲ್ಲೆ ಹೇಳಿ. ನಮ್ಮದು ಗಡಿ ಸೀಮೆ, ಇದು ಬಿಟ್ಟರೆ ಗೊಂದಲ. ಆಮೇಲೆ ಪ್ಲಾಟ್‌ಫಾರ್ಮ್ ನಂಬರು, ಹತ್ತಿರದ ಚಹಾ ಸ್ಟಾಲು ಅಥವಾ ಸೇತುವೆ, ಅಂದಾಜು ವಯಸ್ಸು, ಅಂಗಿಯ ಬಣ್ಣ, ಆಡುವ ಮಾತು. ಓಡುವ ರೈಲಿನಲ್ಲಿ ಕಂಡರೆ ರೈಲ್ವೆ ಸಹಾಯವಾಣಿ 139ಕ್ಕೆ ಬೋಗಿ, ಸೀಟು ನಂಬರು ಕೊಡಿ. ಹುಡುಗ ಓಡಿದರೆ ಬೆನ್ನಟ್ಟಬೇಡಿ, ಪಕ್ಕದಲ್ಲೇ ಹಳಿ ಇರುತ್ತದೆ; ಹೋದ ದಿಕ್ಕು ತಿಳಿಸಿದರೆ ಸಾಕು. ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವ ಉಪಕಾರವಂತೂ ಬೇಡವೇ ಬೇಡ. ಮಗುವಿನ ಗುರುತು ಬಯಲು ಮಾಡಿದರೆ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಲ್ಲಿ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಕಾಯುವಾಗ ವಡಾಪಾವ್ ಕೊಡಿಸಿ, ಕಾಸು ಕೊಡಬೇಡಿ. ಮಲಗಿದಾಗ ದೊಡ್ಡ ಹುಡುಗರು ಜೇಬು ಖಾಲಿ ಮಾಡುತ್ತಾರೆ ಅಂತ, ಬಾಟಲಿ ಆಯ್ದು ಗಳಿಸಿದ್ದನ್ನು ಇವರು ಅದೇ ದಿನ ಮುಗಿಸುತ್ತಾರೆ. ತಿಂಡಿಗೆ, ಸಿನಿಮಾಕ್ಕೆ, ಕೆಲವರು 'ಸೊಲ್ಯೂಷನ್'ಗೆ, ಅಂದರೆ ನಶೆಗೆ ಮೂಸುವ ಪಂಕ್ಚರ್ ಅಂಟಿಗೆ. ಮುಷ್ಟಿಯಲ್ಲಿ ಮುದುಡಿದ ಒದ್ದೆ ಬಟ್ಟೆ, ಅದು ಮತ್ತೆ ಮತ್ತೆ ಮೂಗಿಗೆ ಹೋಗುತ್ತದೆ, ಹತ್ತಿರ ಹೋದರೆ ಪಂಕ್ಚರ್ ಅಂಗಡಿಯ ವಾಸನೆ. ಇದು ಕಂಡರೆ ಕರೆಯಲ್ಲೇ ಹೇಳಿ, ಮೊದಲು ಡಾಕ್ಟರಿಗೆ ತೋರಿಸಬೇಕಾಗುತ್ತದೆ. 'ರಿಮ್ಯಾಂಡ್ ಹೋಮ್' ಎಂಬ ಮಾತು ಎತ್ತಬೇಡಿ, ಎತ್ತಿದಿರೋ ಹುಡುಗ ಮಾಯ.

ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಗು, ಇಂಥ ಮಕ್ಕಳ ಬಗ್ಗೆ ತೀರ್ಮಾನ ಮಾಡುವ ಬಾಲ ಕಲ್ಯಾಣ ಸಮಿತಿಯ ಮುಂದಿರಬೇಕು. ಕನ್ನಡದ ಮಕ್ಕಳಿಗೆ ತೊಡಕು ಇಲ್ಲೇ. ಹೆಸರು ಸುಳ್ಳು ಹೇಳಿರುತ್ತಾರೆ, ಊರಿನ ಹೆಸರು ಮರಾಠಿ ಕಿವಿಗೆ ಬೇರೆಯೇ ಕೇಳಿಸುತ್ತದೆ, ಒಂದೇ ಹೆಸರಿನ ಊರು ಗಡಿಯ ಎರಡೂ ಕಡೆ ಇರುತ್ತವೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಕನ್ನಡ ಬಲ್ಲ ದುಭಾಷಿಯನ್ನು ಕೇಳಿ ತರಿಸಿಕೊಳ್ಳಬಹುದು, ಕೇಳಬೇಕು ಕೂಡ. ಊರ ಹೆಸರಿಗಿಂತ 'ನಿಮ್ಮೂರ ಜಾತ್ರಿ ಯಾವ ದೇವರದಪ್ಪಾ? ಸಂತಿ ಯಾವ ವಾರ?' ಅಂದರೆ ಬೇಗ ಪತ್ತೆಯಾಗುತ್ತದೆ.

ಕರೆಯ ಮಟ್ಟಿಗೆ ಐದಕ್ಕೆ ನಾಲ್ಕು ಕೊಡುತ್ತೇವೆ, ಮನೆಗೆ ಮರಳಿಸುವ ಮೊದಲಿನ ವಿಚಾರಣೆಗೆ ಎರಡೇ. ಮನೆಯ ಸ್ಥಿತಿಗತಿಯ ವರದಿ 15 ದಿನದಲ್ಲಿ ಮುಗಿಯಬೇಕೆನ್ನುತ್ತದೆ ಕಾಯ್ದೆ. ಅಪ್ಪನ ಹೊಡೆತಕ್ಕೆ ಓಡಿದವನ ವರದಿಯಲ್ಲಿ ಆಧಾರ್ ನಂಬರು ಇದ್ದು ಹೊಡೆತದ ಮಾತೇ ಇಲ್ಲದಿದ್ದರೆ, ಸಹಿ ಹಾಕುವ ಮೊದಲು ಸಮಿತಿಯವರು ವಾಪಸು ಕಳಿಸಬೇಕು.