ಹಂಗೇರಿಯ ಹಾಡಿಗೆ ಸಿರ್ಸಿಯಲ್ಲಿ ಟ್ರ್ಯಾಕ್: ಐದಕ್ಕೆ ನಾಲ್ಕು ಸ್ಟಾರ್

ಹಾಡಿನ ಟ್ರ್ಯಾಕ್ ಮಾಡಿಸೋಕೆ ಕಾರವಾರದಿಂದ ದೇವಿಮನೆ ಘಟ್ಟ ಹತ್ತಿ ಸಿರ್ಸಿಯ ಸ್ಟುಡಿಯೋವರೆಗೆ ಹೋಗಬೇಕಾ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಹೋಗಬಹುದು, ಆದರೆ ಮಳೆಗಾಲ ಬಿಟ್ಟು.

ನಮ್ಮದು ನಾಲ್ಕು ಧ್ವನಿಯಲ್ಲಿ, ಅಂದರೆ ಒಂದೇ ಹಾಡಿನ ನಾಲ್ಕು ಬೇರೆ ಬೇರೆ ಧಾಟಿಯನ್ನು ಒಟ್ಟಿಗೇ ಹಾಡುವ ಸಣ್ಣ ಗುಂಪು. ಅರ್ಧ ಜನ ಚರ್ಚ್ ಕ್ವಾಯರ್‌ನವರು, ಉಳಿದವರು ಭಜನೆ, ಭಾವಗೀತೆ ಹಾಡಿಕೊಂಡು ಬಂದವರು. ನೊಟೇಶನ್ ಓದೋಕೆ ಎಲ್ಲರಿಗೂ ಬರಲ್ಲ. ಹಾಗಾಗಿ ಕೇಳಿ ಕಲಿಯೋಕೆ ಪ್ರತಿ ಧ್ವನಿಗೂ ಬೇರೆ ಪ್ರಾಕ್ಟೀಸ್ ಟ್ರ್ಯಾಕ್ ಬೇಕಿತ್ತು. ಹಾಡು ಹಂಗೇರಿಯ ಸಂಗೀತ ರಚನಕಾರ ಜೊಲ್ತಾನ್ ಕೊದಾಯ್ ಅವರ 'ಎಶ್ತಿ ದಲ್', ಅಂದರೆ ಸಂಜೆಯ ಹಾಡು, 1938ರದ್ದು. ಕೊದಾಯ್ 1905ರಿಂದಲೇ ಹಳ್ಳಿ ಹಳ್ಳಿ ತಿರುಗಿ ಜನಪದ ಹಾಡು ಸಂಗ್ರಹಿಸಿದವರು, ಇದರ ಮೂಲವೂ ಜನಪದವೇ. ಕಾಡಿನ ಪಕ್ಕ ಕತ್ತಲಾಯಿತು, ಹೊದ್ದಿದ್ದ ಕುರಿಚರ್ಮದ ಕೋಟನ್ನೇ ತಲೆಯಡಿಗೆ ಇಟ್ಟುಕೊಂಡೆ, ಕೈ ಜೋಡಿಸಿ ಬೇಡಿದೆ, ದೇವರೇ ಉಳಿಯಲು ಒಂದು ಜಾಗ ಕೊಡು, ಅಲೆದು ಅಲೆದು ಸಾಕಾಯಿತು, ಪರದೇಶದಲ್ಲಿ ಬದುಕಿ ಸಾಕಾಯಿತು. ಇಷ್ಟೇ ವಿಷಯ. ವಾದ್ಯ ಇಲ್ಲ. ಮೇಲಿನ ಧ್ವನಿ ಹಾಡುವಾಗ ಕೆಳಗಿನವರು ಬಾಯಿ ಮುಚ್ಚಿ ಗುನುಗುತ್ತಾರೆ.

ಸ್ಟುಡಿಯೋದವರು ಮುಖ್ಯವಾಗಿ ಯಕ್ಷಗಾನದ ಪದ, ಭಜನೆ ರೆಕಾರ್ಡ್ ಮಾಡುವವರು. ಮಾಲೀಕರು ಸ್ವತಃ ಮದ್ದಲೆ ಬಾರಿಸುತ್ತಾರೆ. ಹೋದ ಕೂಡಲೇ ಕೇಳಿದ್ದು, "ಅಕ್ಕಾ, ಶ್ರುತಿ ಎಷ್ಟು? ಕಪ್ಪು ಒಂದಾ, ಬಿಳಿ ನಾಲ್ಕಾ?"

ಇಲ್ಲೇ ಅರ್ಧ ಗಂಟೆ ಹೋಯಿತು. ಒಬ್ಬರೇ ಹಾಡುವುದಾದರೆ ತಮ್ಮ ಗಂಟಲಿಗೆ ಒಪ್ಪುವ ಶ್ರುತಿ ಇಟ್ಟುಕೊಂಡರೆ ಮುಗಿಯಿತು. ನಾಲ್ಕು ಧ್ವನಿ ಅಂದರೆ ಹಾಗಲ್ಲ. ಇಳಿಸಿದರೆ ಕೆಳಗಿನ ಗಂಡಸರಿಗೆ ತಳ ಸಿಗಲ್ಲ, ಏರಿಸಿದರೆ ಮೇಲಿನ ಹೆಂಗಸರ ಕತ್ತು ಬಿಗಿಯುತ್ತದೆ, ಎರಡರ ನಡುವೆ ಸಿಗುವ ಜಾಗ ತುಂಬಾ ಚಿಕ್ಕದು. ಶ್ರುತಿ ಯಾವುದಾದರೇನು, ರಾಗದ ಭಾವ ಬದಲಾಗಲ್ಲ ಅಂತ ನಮ್ಮಲ್ಲಿ ಹೇಳುತ್ತಾರೆ. ಸರಿ, ಆದರೆ ಗುಂಪಿನಲ್ಲಿ ಧ್ವನಿಯ ಬಣ್ಣ ಬದಲಾಗುತ್ತದೆ. ಇಳಿಸಿ ಕೇಳಿದಾಗ ದಣಿದವನ ಪ್ರಾರ್ಥನೆ ಹೋಗಿ ಶವಯಾತ್ರೆಯ ಹಾಡು ಕೇಳಿದ ಹಾಗಾಯಿತು. ಕೊನೆಗೆ ಸ್ಕೋರಿನಲ್ಲಿ, ಅಂದರೆ ಬರೆದ ನೊಟೇಶನ್‌ನಲ್ಲಿ, ಇದ್ದದ್ದಕ್ಕಿಂತ ಅರ್ಧ ಸ್ವರ ಮಾತ್ರ ಕೆಳಗೆ ಇಟ್ಟೆವು. ಹಾಡಿಗೆ ವಾದ್ಯ ಇಲ್ಲದಿದ್ದರೂ ಕಲಿಯೋಕೆ ಸ್ವರ ಕೇಳಿಸುವ ಟ್ರ್ಯಾಕ್ ಪಿಯಾನೋದ್ದು, ಆದ್ದರಿಂದ ಎಷ್ಟು ಬದಲಿಸಿದರೂ ದನಿ ಕೆಡಲಿಲ್ಲ. ಹಾಡಿದ ಧ್ವನಿಯನ್ನೇ ಸಾಫ್ಟ್‌ವೇರ್‌ನಲ್ಲಿ ಕೆಳಗೆ ಎಳೆದರೆ ದಪ್ಪಗಾಗುತ್ತದೆ, ಅದನ್ನೂ ಮಾಡಿ ತೋರಿಸಿದರು.

ಈಗ ಲಯ. ಸ್ಟುಡಿಯೋದವರ ಅಭ್ಯಾಸ ಎಂದರೆ ಮೊದಲು ಕ್ಲಿಕ್, ಅಂದರೆ ಲಯ ಎಣಿಸುವ ಟಕ್ ಟಕ್ ಸದ್ದು ಹಾಕುವುದು, ಅದರ ಮೇಲೆ ಉಳಿದದ್ದು. ನಿಮಿಷಕ್ಕೆ 60 ಅಂತ ಇಟ್ಟರು. ಲೆಕ್ಕ ತಪ್ಪಿಲ್ಲ, ಹಾಡು ಮಾತ್ರ ಸತ್ತೇ ಹೋಯಿತು. ಶಾಲೆ ಮೈದಾನದ ಕವಾಯತಿನ ಹಾಗೆ ಎಲ್ಲ ಸಾಲೂ ಒಂದೇ ಹೆಜ್ಜೆ. ಈ ಹಾಡಿನಲ್ಲಿ ಸಾಲಿನ ಮಧ್ಯೆ ಸ್ವಲ್ಪ ಮುಂದೆ ಹರಿಯಬೇಕು, ಸಾಲು ಮುಗಿಯುವಲ್ಲಿ ಉಸಿರು ತೆಗೆದುಕೊಳ್ಳಬೇಕು. ಹಂಗೇರಿಯನ್ ಮಾತಿನಲ್ಲಿ ಒತ್ತು ಬೀಳುವುದು ಪದದ ಮೊದಲ ಅಕ್ಷರಕ್ಕೆ, ಹ್ರಸ್ವ ದೀರ್ಘವೂ ನಮ್ಮ ಹಾಗೆ ಬೇರೆ ಬೇರೆ. ಸುಮ್ನೆ ನಿಧಾನ ಮಾಡಿದರೆ ಹ್ರಸ್ವವೂ ದೀರ್ಘವಾಗಿ ಮಾತು ಕೆಡುತ್ತದೆ. ಭಾವ ಬರಲಿ ಅಂತ ಎಳೆಯುವ ಚಟ ನಮ್ಮ ಗುಂಪಿನಲ್ಲೂ ಇದೆ ಬಿಡಿ.

ನಾನು ಕೈಯಾಡಿಸಿ ಹಾಡಿ ತೋರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿ, "ಓ, ಭಾಗವತರು ಭಾಮಿನಿ ಹೇಳಿದ ಹಾಗೆ" ಅಂದರು. ಪೂರ್ತಿ ಹಾಗಲ್ಲ, ಯಕ್ಷಗಾನದಲ್ಲಿ ಭಾಮಿನಿ ಷಟ್ಪದಿಗೆ ತಾಳವೇ ಇರಲ್ಲ, ಇದಕ್ಕೆ ಒಳಗೆ ಎಣಿಕೆ ಇದೆ. ಆದರೆ ಅಷ್ಟು ಹೇಳಿದ ಮೇಲೆ ಕೆಲಸ ಸಲೀಸಾಯಿತು. ಕ್ಲಿಕ್ ತೆಗೆದರು. ನಾನು ಮೇಲಿನ ಧ್ವನಿ ಮಾತ್ರ ಹಾಡಿದೆ, ಅದು ಎಲ್ಲಿ ಮುಂದೆ ಹರಿಯುತ್ತದೆ, ಎಲ್ಲಿ ನಿಧಾನ ಅನ್ನೋದನ್ನು ಕಂಪ್ಯೂಟರ್‌ನಲ್ಲಿ ಗುರುತಿಸಿ (ಟೆಂಪೋ ಮ್ಯಾಪ್ ಅಂತಾರೆ), ಉಳಿದ ಮೂರು ಧ್ವನಿಯನ್ನು ಅದರ ಮೇಲೆ ಕೂರಿಸಿದರು. ಬೇರೆ ಕಡೆ ಯಾರೂ ಇಷ್ಟು ತಲೆ ಕೆಡಿಸಿಕೊಳ್ಳಲ್ಲ. ನಾಲ್ಕು ಸ್ಟಾರ್ ಇದಕ್ಕೇ.

ಮಕ್ಕಳಿಗಾಗಿ ಹಂಗೇರಿಯದ್ದೇ ನವಿಲಿನ ಜನಪದ ಹಾಡೊಂದನ್ನೂ ಮಾಡಿಸಿದೆವು. ಅದು ಸಲೀಸು. ಐದೇ ಸ್ವರ, ಮೊದಲೆರಡು ಸಾಲು ಮೇಲೆ, ಅದೇ ಧಾಟಿ ಪ ದಿಂದ ಸ ಗೆ ಇಳಿದಷ್ಟು ಕೆಳಗೆ ಬಂದು ಇನ್ನೆರಡು ಸಾಲು. ಮಾಲೀಕರು ಹಾರ್ಮೋನಿಯಂನಲ್ಲಿ ಹುಡುಕಿ, "ಇದು ಧಾನಿ ರಾಗ ಅಲ್ವಾ ಅಕ್ಕಾ?" ಅಂತ ನಕ್ಕರು. ಸ್ವರಗಳೇನೋ ಅವೇ, ಸ ಗ ಮ ಪ ನಿ, ಗ ನಿ ಎರಡೂ ಕೋಮಲ. ನಡೆ ಮಾತ್ರ ಬೇರೆ.

ಒಂದು ಸ್ಟಾರ್ ಕಡಿಮೆ ಯಾಕೆ? ಎಕೋ. ಬೇಡ ಅಂದರೂ ಜಾಸ್ತಿ ಹಾಕುತ್ತಾರೆ, ಗುನುಗುವ ಭಾಗ ಕಲಸಿಹೋಗುತ್ತದೆ. ತಂಬೂರಿ ಸೇರಿಸೋಣ ಅಂತಲೂ ಹಟ ಹಿಡಿದರು. ಕೆಳಗಿನ ಸ್ವರ ಬದಲಾಗುತ್ತಾ ಹೋಗುವ ಹಾಡಿಗೆ ಒಂದೇ ಸ ಹಿಡಿದು ಕೂತರೆ ಹೊಂದಲ್ಲ ಅಂತ ಕೇಳಿಸಿ ತೋರಿಸಿದ ಮೇಲೆ ಬಿಟ್ಟರು. ಇನ್ನು ಮಳೆ. ಹಂಚಿನ ಮಾಡು, ಒಳಗೆ ಫೋಮ್ ಹೊಡೆದಿದ್ದಾರೆ, ಆದರೂ ಶಬ್ದ ನುಗ್ಗುತ್ತದೆ. ಚಂಡೆ ಇರುವ ಪದಕ್ಕೆ ಅದು ಗೊತ್ತಾಗಲ್ಲ. ನಮ್ಮ ಹಾಡು ಮುಗಿಯುವುದೇ ತೀರಾ ಮೆಲ್ಲಗೆ ಹೇಳುವ ಶುಭರಾತ್ರಿಯಲ್ಲಿ. ಆ ಒಂದು ಸಾಲಿಗಾಗಿ ಮಳೆ ಬಿಡುವವರೆಗೆ ಚಹಾ ಕುಡಿಯುತ್ತಾ ಕೂತೆವು, ಅದಕ್ಕೂ ಮೀಟರ್ ಓಡಿತು.

ಗಂಟೆಗೆ 500 ರೂಪಾಯಿ. ಪೆನ್‌ಡ್ರೈವ್ ನೀವೇ ಒಯ್ಯಿರಿ, ವೇವ್ ಫೈಲ್ (ಕುಗ್ಗಿಸದ, ಪೂರ್ತಿ ಗುಣಮಟ್ಟದ ಧ್ವನಿಯ ಫೈಲ್) ಕೇಳಿ ತೆಗೆದುಕೊಳ್ಳಿ, ವಾಟ್ಸಾಪ್‌ನಲ್ಲಿ ಕಳಿಸಿ ಅನ್ನಬೇಡಿ. ಎಕೋ ಇಲ್ಲದ ಕಾಪಿ ಒಂದನ್ನು ಮೊದಲೇ ಹೇಳಿಟ್ಟರೆ ಕೊಡುತ್ತಾರೆ.